ರೋಗ ಯಾರ ಕರ್ಮ?

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯಲ್ಲಿ, ಕನ್ನಡವೂ ತೆಲುಗೂ ಒಂದೇ ಮಾತಿನೊಳಗೆ ಬೆರೆತು ಬರುವ ಆ ಗಡಿಸೀಮೆಯ ಹಳ್ಳಿಯೊಂದರಲ್ಲಿ, ಎಪ್ಪತ್ತು ದಾಟಿದ ವೃದ್ಧರೊಬ್ಬರು ಜಗಲಿಯ ಮೇಲೆ ಕುಳಿತಿದ್ದುದನ್ನು ಕಂಡೆನು. ಅವರ ಕತ್ತು ತಿರುಗದು. ಪಕ್ಕದವರ ಮುಖವನ್ನು ನೋಡಬೇಕಾದರೆ ಸೊಂಟದಿಂದ ಮೇಲಿನ ದೇಹವನ್ನೆಲ್ಲ ಒಂದೇ ಹಲಗೆಯಂತೆ ತಿರುಗಿಸಬೇಕು. ದಾಖಲೆಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮನೆಮನೆ ಸುತ್ತುತ್ತಿದ್ದ ಆಶಾ ಕಾರ್ಯಕರ್ತೆಯು ಅವರೆದುರಿಗೆ ಕುಳಿತು ನೋವನ್ನು ವಿಚಾರಿಸಿದಾಗ, ಅವರು, “ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ನೋ ಕಣಮ್ಮಾ” ಎಂದರು. ಆಕೆ ಕ್ಷಣವೂ ತಡೆಯದೆ, “ಪಾಪ ನಿಮ್ದಲ್ಲ ತಾತ, ನೀರ್ದು” ಎಂದಳು.

ಸಮಾಜಶಾಸ್ತ್ರವನ್ನು ಓದಿ, ಅನಂತರ ಬಹುಕಾಲ ಅದನ್ನೇ ಬೋಧಿಸಿದ ನನಗೆ, ಆ ಶಾಸ್ತ್ರದ ಸಾರವನ್ನು ಇಷ್ಟು ಕಡಮೆ ಮಾತಿನಲ್ಲಿ ಹೇಳಿದವರನ್ನು ಕಂಡ ನೆನಪಿಲ್ಲ. ಆದರೆ ಆ ಉತ್ತರದಲ್ಲಿಯೇ ಇನ್ನೊಂದು ಪ್ರಶ್ನೆಯು ಅಡಗಿದೆ. ಪಾಪವು ಮನುಷ್ಯನದಲ್ಲವಾದರೆ, ಜಡವಾದ ನೀರಿನದು ಹೇಗಾದೀತು?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಇಲ್ಲಿಯ ಹಿರಿಯರು ಒಂದರ ಕೋಡಿಯ ನೀರು ಇನ್ನೊಂದಕ್ಕೆ ಇಳಿಯುವಂತೆ ಕೆರೆಗಳ ಸಾಲನ್ನೇ ಕಟ್ಟಿದರು. ತೂಬನ್ನು ಎತ್ತಿ ಇಳಿಸುವ ಹೊಣೆಯನ್ನು ನೀರುಗಂಟಿಗೆ ಒಪ್ಪಿಸಿದರು. ಬೇಸಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹಾಕಿದರು. ಆ ವ್ಯವಸ್ಥೆಯನ್ನು ಸ್ವರ್ಗವೆಂದು ನಾನು ಹೊಗಳಲಾರೆ. ಊರಿಗೆಲ್ಲ ನೀರು ಹಂಚಿದ ನೀರುಗಂಟಿಯು ಬಹುಮಟ್ಟಿಗೆ ಊರಬಾವಿಗೆ ಕೊಡವಿಳಿಸಲಾಗದ ಜಾತಿಯವನಾಗಿದ್ದನೆಂಬುದನ್ನು ಮರೆತರೆ ಸತ್ಯಕ್ಕೆ ಅಪಚಾರವಾದೀತು. ಆದರೆ ಕಾಲವು ತಿರುಗಿತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ನೀಲಗಿರಿಯು ಆವರಿಸಿತು. ದೂರದ ಮಾರುಕಟ್ಟೆಗಳು ಟೊಮ್ಯಾಟೊವನ್ನೂ ರೇಷ್ಮೆಯನ್ನೂ ಬೇಡಿದವು. ಕೆರೆಗಳು ಹೂಳಿನಿಂದ ತುಂಬಿದವು. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದವು. ಬಂಡೆಗಳ ಬಿರುಕಿನಲ್ಲಿ ಬಹುಕಾಲ ನಿಂತು ಅಲ್ಲಿಯ ಫ್ಲೋರೈಡನ್ನು ಕರಗಿಸಿಕೊಂಡಿದ್ದ ನೀರು ಹೀಗೆ ಮೇಲೆದ್ದು ಜನರ ಬಿಂದಿಗೆಗೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ, ಎಳೆಯ ಮಕ್ಕಳ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲೆ ಕಂದುಬಣ್ಣದ ಪಟ್ಟೆ ಮೂಡುತ್ತದೆ. ಇನ್ನೂ ಮಿತಿಮೀರಿದಲ್ಲಿ ದೊಡ್ಡವರ ಕೀಲುಗಳೂ ಬೆನ್ನೆಲುಬಿನ ಸುತ್ತಣ ಕಟ್ಟುಗಳೂ ಕಲ್ಲಾಗುತ್ತವೆ. ಅದೇ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ವೃದ್ಧರ ಮೊಮ್ಮಗಳು ನಗುಬಂದಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ದೊಡ್ಡವರಲ್ಲಿ ಹಾಗೆ ಬಿಗಿದ ಕೀಲನ್ನು ಹಿಂದಿನಂತೆ ಮಾಡುವ ಮಾತ್ರೆಯು ಯಾವ ಔಷಧಾಲಯದಲ್ಲಿಯೂ ಇಲ್ಲ. ನೀರನ್ನು ಬದಲಿಸಿ ರೋಗವು ಮುಂದುವರಿಯದಂತೆ ತಡೆಯುವುದೇ ಮುಖ್ಯವಾದ ಉಪಾಯ.

ಹೀಗೆ ನೋಡಲಾಗಿ, ಅಪರಾಧವು ನೀರಿನದೂ ಅಲ್ಲ. ನೀರನ್ನು ಆ ಆಳದಿಂದ ಎಬ್ಬಿಸಿ ತಂದವರು ನಾವು. ರೋಗದ ಮೂಲವು ಸಮಾಜದಲ್ಲಿಯೂ ಇದೆಯೆಂಬ ಈ ವಿಚಾರವು ಪಶ್ಚಿಮದಿಂದ ಬಂದ ಶಾಸ್ತ್ರವೊಂದರ ಸ್ವತ್ತೆಂದು ಭಾವಿಸುವುದು ಸರಿಯಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದಗಳ ವಿನಾಶವನ್ನು ಕುರಿತ ಅಧ್ಯಾಯವೊಂದಿದೆ. ಪ್ರಕೃತಿ, ಆಹಾರ, ವಯಸ್ಸು, ಬಲ ಎಲ್ಲವೂ ಬೇರೆಬೇರೆಯಾಗಿರುವ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಯಿಂದ ನಾಶವಾಗುವುದು ಹೇಗೆಂದು ಅಗ್ನಿವೇಶನು ಅಲ್ಲಿ ಕೇಳುತ್ತಾನೆ. ವಾಯು, ಉದಕ, ದೇಶ, ಕಾಲ ಈ ನಾಲ್ಕೂ ಎಲ್ಲರಿಗೂ ಸಮಾನವಾದವುಗಳಾದ್ದರಿಂದ ಅವು ಕೆಟ್ಟಾಗ ಎಲ್ಲರೂ ಕೆಡುತ್ತಾರೆಂದೂ, ಅವು ಕೆಡುವುದಕ್ಕೆ ಮೂಲವು ಅಧರ್ಮವೆಂದೂ, ಆ ಅಧರ್ಮವು ನಾಡನ್ನೂ ನಗರವನ್ನೂ ಆಳುವವರಲ್ಲಿ ಮೊದಲಾಗಿ ಪ್ರಜೆಗಳಿಗೆ ಹಬ್ಬುತ್ತದೆಂದೂ ಆತ್ರೇಯನು ಉತ್ತರಿಸುತ್ತಾನೆ. 1848ರಲ್ಲಿ ಜರ್ಮನ್ ವೈದ್ಯನಾದ ರುಡಾಲ್ಫ್ ವಿರ್ಕೋ, ಮೇಲಣ ಸೈಲೀಸಿಯಾದಲ್ಲಿ ಹರಡಿದ ಟೈಫಸ್ ಜ್ವರವನ್ನು ಪರೀಕ್ಷಿಸಲು ಹೋಗಿ, ಔಷಧಕ್ಕಿಂತ ಹೆಚ್ಚಾಗಿ ವಿದ್ಯೆಯನ್ನೂ ಸ್ವಾತಂತ್ರ್ಯವನ್ನೂ ಬಡತನದ ನಿವಾರಣೆಯನ್ನೂ ಬೇಡಿದನು. 1978ರಲ್ಲಿ ಅಲ್ಮಾ ಅಟಾ ನಗರದಲ್ಲಿ ನೆರೆದ ರಾಷ್ಟ್ರಗಳು ಎಲ್ಲರಿಗೂ ಆರೋಗ್ಯವೆಂಬ ಸಂಕಲ್ಪವನ್ನು ಮಾಡಿ, ಶುದ್ಧ ನೀರನ್ನು ಅದರ ಅಂಗವಾಗಿ ಎಣಿಸಿದವು. ಆತ್ರೇಯನಿಗೆ ಇವರಾರೂ ಅಪರಿಚಿತರಾಗುತ್ತಿರಲಿಲ್ಲ.

ಕರ್ಮತತ್ತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಮಾಡಿದ್ದಕ್ಕೆ ಫಲವುಂಟೆಂಬ ನಂಬಿಕೆಯಿಲ್ಲದೆ ನೀತಿಯು ನಿಲ್ಲಲಾರದು. ಆದರೆ ಕರ್ಮವನ್ನು ಒಬ್ಬೊಬ್ಬನ ಖಾತೆಯಲ್ಲಿ ಮಾತ್ರ ಬರೆಯುವುದು ನಮ್ಮ ರೂಢಿಯಾಯಿತು. ಕೂಡಿ ಮಾಡಿದ್ದಕ್ಕೆ ಖಾತೆಯನ್ನೇ ತೆರೆಯಲಿಲ್ಲ. ಕೆರೆಯ ಹೂಳೆತ್ತದೆ ಬಿಟ್ಟವರು ಒಂದು ತಲೆಮಾರಿನವರು, ಕೀಲು ಬಿಗಿದು ಕುಳಿತವರು ಇನ್ನೊಂದು ತಲೆಮಾರಿನವರು. ಪೂರ್ವಜನ್ಮದ ಫಲವೆಂಬ ಮಾತಿಗೆ ಇಲ್ಲಿ ಕಣ್ಣಿಗೆ ಕಾಣುವ ಅರ್ಥವೊಂದು ದೊರೆಯುತ್ತದೆ: ಆ ಪೂರ್ವಜನ್ಮವು ಊರಿನದು.

ಇದೇ ದೃಷ್ಟಿಯಿಂದ ಆರೈಕೆಯ ಕೆಲಸವನ್ನೂ ನೋಡತಕ್ಕದ್ದು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಗೀತೆಯನ್ನು ‘ಜೀವನಧರ್ಮಯೋಗ’ವೆಂದು ಕರೆದು, ಅದನ್ನು ಸಂಸಾರಿಗಳ ನಡುಮನೆಗೆ ತಂದರು. ಫಲವನ್ನು ಬಯಸದೆ ಲೋಕಸಂಗ್ರಹಕ್ಕಾಗಿ ದುಡಿಯಬೇಕೆಂಬ ಗೀತೆಯ ಬೋಧೆಯು ದುಡಿಯುವವನು ತನಗೆ ತಾನೇ ಹೇಳಿಕೊಳ್ಳಬೇಕಾದ ಮಾತು. ದುಡಿಸಿಕೊಳ್ಳುವವನು ಅದನ್ನು ಹೇಳತೊಡಗಿದರೆ ಧರ್ಮವು ಜಿಪುಣತನಕ್ಕೆ ಹೊದಿಕೆಯಾಗುತ್ತದೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾ ಕಾರ್ಯಕರ್ತೆಯರನ್ನು ನೌಕರರೆನ್ನದೆ ಸ್ವಯಂಸೇವಕಿಯರೆಂದು ಕರೆಯಿತು; ಕೊಟ್ಟದ್ದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಕೊರೋನಾ ಕಾಲದಲ್ಲಿ ಬಾಗಿಲು ಬಡಿದವರು ಇವರೇ. 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತವರೂ ಇವರೇ. ಸೇವೆಯೆಂಬ ಪವಿತ್ರವಾದ ಶಬ್ದವು ಹೆಣ್ಣಿನ ದುಡಿಮೆಗೆ ಬೆಲೆ ಕಟ್ಟದಿರುವುದಕ್ಕೆ ನೆಪವಾಗಬಾರದು.

ಸಮಾಜವನ್ನೇ ನೋಡುವ ಕಣ್ಣು ಮನುಷ್ಯನನ್ನು ಮರೆತೀತೆಂಬ ಆಕ್ಷೇಪವುಂಟು. ಅದು ನಿಜವಾದ ಅಪಾಯವೇ ಸರಿ. ಅಂಕಿಯಾದ ಮನುಷ್ಯನಿಗೆ ನೋವಿಲ್ಲ. ಆದರೆ ಆ ದಿನ ಆಕೆ “ನೀರ್ದು” ಎನ್ನುವಾಗ ವೃದ್ಧರ ಮೊಣಕಾಲಿನ ಮೇಲೆ ಆಕೆಯ ಕೈಯಿತ್ತು. ಅವರ ತಲೆಯ ಮೇಲಿಂದ ಜನ್ಮಾಂತರದ ಅಪವಾದವನ್ನು ಇಳಿಸಿದ್ದೇ ಆ ಕ್ಷಣದಲ್ಲಿ ಆಕೆ ಕೊಡಬಲ್ಲವಳಾಗಿದ್ದ ಔಷಧ.

ಸಂಜೆ ಹಿಂದಿರುಗುವಾಗ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸಾಲು ನಿಂತಿತ್ತು. ಆಕೆಯೂ ಅಲ್ಲಿದ್ದಳು, ದಾಖಲೆಪುಸ್ತಕದ ಚೀಲ ಹೆಗಲಿನಲ್ಲಿಯೇ ಇತ್ತು, ಕಾಲ ಬಳಿ ಎರಡು ಖಾಲಿ ಕ್ಯಾನು. ಒಂದು ತನ್ನ ಮನೆಗೆ, ಇನ್ನೊಂದು ತಾತನ ಮನೆಗೆ ಎಂದಳು. ನಾಣ್ಯವನ್ನು ಹಾಕಿದಳು, ನೀರು ಬಂದಿತು.