ಗೆಲುವು ಯಾರದು?

ಲಿಂಗದಹಳ್ಳಿಯ ನಮ್ಮ ಜಗಲಿಯ ಮೇಲೆ ಈ ಬೇಸಗೆಯಲ್ಲಿ ಹುಡುಗರಿಬ್ಬರು ಹೊಸ ಬಗೆಯ ಪಗಡೆಯೊಂದನ್ನು ಆಡುತ್ತಿದ್ದರು. ಕಾಯಿಗಳ ಬದಲು ಡೈನೋಸಾರುಗಳು. ದಾಳ ಬಿದ್ದಂತೆ ಒಂದು ಇನ್ನೊಂದನ್ನು ಕಚ್ಚಿ ಕೆಡವಬೇಕು. ಗೆದ್ದವನು, "ನಾನು ಗೆದ್ದೆ" ಎಂದ. ಸೋತವನು, "ದಾಳ ಬೀಳಲಿಲ್ಲ" ಎಂದ. ದೊಡ್ಡವರಾದ ನಾವೂ ಹೀಗೆಯೇ ಲೆಕ್ಕ ಬರೆಯುವುದಲ್ಲವೇ?

ಆ ಪ್ರಾಣಿಗಳ ಕಥೆಯೇ ಈ ಲೆಕ್ಕವನ್ನು ಕೆಡಿಸುತ್ತದೆ. ನರ್ಮದಾ ಕಣಿವೆಯಲ್ಲಿ ಎಲುಬು ದೊರೆತು, 2003ರಲ್ಲಿ ‘ರಾಜಾಸಾರಸ್’ ಎಂದು ಹೆಸರು ಪಡೆದ ಬೇಟೆಗಾರನಿಗೆ ಬಲದ ಕೊರತೆಯೇನು? ಆದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಈಗಿನ ಮೆಕ್ಸಿಕೋದ ಕರಾವಳಿಗೆ ಆಕಾಶದಿಂದ ಬಂಡೆಯೊಂದು ಬಡಿಯಿತು. ಹಕ್ಕಿಗಳ ಕವಲೊಂದುಳಿದು ಆ ಕುಲವೆಲ್ಲ ಅಳಿಯಿತು. ಇಲಿಯಂಥ ಸಣ್ಣ ಪ್ರಾಣಿಗಳು ಕೆಲವು ಬದುಕಿದವು; ನಾವು ಆ ಕಡೆಯವರು. ಇದನ್ನು ಯೋಗ್ಯತೆಯೆನ್ನಲು ನನಗೆ ನಾಲಗೆ ಬಾರದು.

ಹಾಗೆಂದು ಎಲ್ಲವನ್ನೂ ದಾಳದ ಮೇಲೆ ಹೊರಿಸಲಾದೀತೇ? ಹಸ್ತಿನಾವತಿಯಲ್ಲಿ ಶಕುನಿಯ ಕಪಟವಿಲ್ಲದೆ ದಾಳ ನೇರವಾಗಿಯೇ ಉರುಳಿದ್ದರೂ, ದ್ರೌಪದಿಯನ್ನು ಪಣವಿಟ್ಟದ್ದು ಧರ್ಮರಾಯನ ಬಾಯಿ.

ನನ್ನ ತರಗತಿಯಲ್ಲಿ, ಮನೆತುಂಬ ಪುಸ್ತಕವಿದ್ದಲ್ಲಿ ಹುಟ್ಟಿದ ಹುಡುಗ ಮೊದಲ ದರ್ಜೆಯನ್ನು ತನ್ನ ಶ್ರಮವೆನ್ನುತ್ತಾನೆ. ಶ್ರಮ ಸುಳ್ಳಲ್ಲ. ಕಾಫಿತೋಟದ ಕೂಲಿಕಾರರ ಮಗಳು, ಇದ್ದೊಂದು ಬಸ್ಸು ಬಾರದೆ ಪರೀಕ್ಷೆ ತಪ್ಪಿಸಿಕೊಂಡವಳು, "ನನ್ನ ಹಣೆಬರಹ ಸಾರ್" ಎಂದಳು. ಹುಟ್ಟಿದ ಮನೆಯನ್ನು ದಾಳವೆನ್ನಬಹುದು. ಬಸ್ಸಿನ ವೇಳೆಯನ್ನು ಗೊತ್ತುಮಾಡಿದವರು ಯಾರೋ ಮನುಷ್ಯರು. ಪರೀಕ್ಷೆಯ ದಿನಗಳಿಗಾದರೂ ಇನ್ನೊಂದು ಬಸ್ಸು ಬೇಕೆಂದು ಉಪನ್ಯಾಸಕರೆಲ್ಲ ಸೇರಿ ಅರ್ಜಿ ಹಾಕಿದ್ದೇವೆ. ಉತ್ತರ ಬಂದಿಲ್ಲ.