ಕುರಿಯ ತೊಗಲಿನ ಋಣ

ನಿಷ್ಫಲವಾದ ಚಿಕಿತ್ಸೆಗೂ ಕೃತಜ್ಞತೆ ಸಲ್ಲಬೇಕೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ವಿನೋದದ ಮಾತಾಗಿ ತೋರಬಹುದು. ಆದರೆ ಶೈಶವದಲ್ಲಿಯೇ ಕಠಿನ ರೋಗಕ್ಕೆ ಸಿಕ್ಕಿ ಬದುಕಿದ ಮಗುವಿರುವ ಮನೆಯಲ್ಲಿ ಅದು ಏಳದೆ ಇರದು. ಕಷಾಯ, ಲೇಪ, ಕುಲದೇವತೆಯ ಹರಕೆ, ವೈದ್ಯರ ಗುಳಿಗೆ—ಇವುಗಳಲ್ಲಿ ಮಗುವನ್ನು ಉಳಿಸಿದುದು ಯಾವುದೆಂದು ಹೇಳಬಲ್ಲವರಾರು?

ಸ್ಕಾಟ್ಲೆಂಡಿನ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟನ ಬಾಲ್ಯವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಆತನು ೧೭೭೧ರಲ್ಲಿ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ಆ ದಂಪತಿಗಳು ಹಲವು ಮಕ್ಕಳನ್ನು ಎಳೆತನದಲ್ಲಿಯೇ ಕಳೆದುಕೊಂಡಿದ್ದರು. ಹದಿನೆಂಟು ತಿಂಗಳ ಕೂಸಾಗಿದ್ದಾಗ ಹಲ್ಲು ಮೂಡುವ ಜ್ವರವೆಂದು ಎಲ್ಲರೂ ಬಗೆದ ಜ್ವರವೊಂದು ಮೂರು ದಿನ ಕಾಡಿತು. ನಾಲ್ಕನೆಯ ದಿನ ಮೀಯಿಸುವಾಗ ನೋಡಿದರೆ ಬಲಗಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಅದು ಪೋಲಿಯೊ ಆಗಿದ್ದಿರಬೇಕೆಂದು ಇಂದಿನವರ ಅಭಿಪ್ರಾಯ. ತಾಯಿಯ ತಂದೆಯು ವೈದ್ಯಶಾಸ್ತ್ರದ ಪ್ರಾಧ್ಯಾಪಕ. ಆತನ ಸಲಹೆಯಂತೆ ಮಗುವನ್ನು ತಂದೆಯ ತಂದೆಯಿದ್ದ ಸ್ಯಾಂಡಿನೋ ಎಂಬಲ್ಲಿಯ ಹೊಲಮನೆಗೆ ಕಳುಹಿಸಿದರು.

ಅಲ್ಲಿ ಯಾರೋ ವಿಚಿತ್ರವಾದ ಔಷಧವೊಂದನ್ನು ಸೂಚಿಸಿದರು. ಮನೆಯ ಅಡುಗೆಗೆ ಕುರಿಯನ್ನು ಕೊಯ್ದಾಗಲೆಲ್ಲ ಬಿಸಿಯಾರದ ಅದರ ತೊಗಲಿನಲ್ಲಿ ಮಗುವನ್ನು ಸುತ್ತಿಡಬೇಕು! ಪ್ರಾಧ್ಯಾಪಕನ ಮೊಮ್ಮಗನಿಗೂ ಕಡೆಗೆ ತೊಗಲೇ ಗತಿಯಾಯಿತು. ಹಾಗೆ ಸುತ್ತಿ ನೆಲದ ಮೇಲೆ ಮಲಗಿಸಿದಾಗ, ನರೆತ ತಲೆಯ ಅಜ್ಜನು ಮಗುವು ತೆವಳಲೆಂದು ಬಗೆಬಗೆಯಾಗಿ ಹುರಿದುಂಬಿಸುತ್ತಿದ್ದನು. ಮನೆಗೆ ಬಂದ ವೃದ್ಧ ಗೃಹಸ್ಥನೊಬ್ಬನು ಮೊಣಕಾಲೂರಿ, ಮಗುವು ಹಿಂಬಾಲಿಸಲೆಂದು ತನ್ನ ಗಡಿಯಾರವನ್ನು ಜಮಖಾನದ ಮೇಲೆ ಎಳೆಯುತ್ತಿದ್ದನು.

ಸತ್ತ ಕುರಿಯ ತೊಗಲು ಬೆನ್ನುಹುರಿಯೊಳಗಣ ಕೇಡನ್ನು ತಿದ್ದಲಾರದು. ಎಂದ ಮೇಲೆ ಋಣವಾದರೂ ಯಾವುದರದು? ಫಲವೊಂದನ್ನೇ ಅಳತೆಯಾಗಿ ಹಿಡಿಯುವವರು ಋಣವೇ ಇಲ್ಲವೆಂದಾರು. ಇದು ಅವಸರದ ಮಾತು. ತೊಗಲು ಸುಳ್ಳಾದರೂ ಗಡಿಯಾರ ಸುಳ್ಳಲ್ಲ. ಅದರ ಬೆನ್ನಟ್ಟಿ ಹೊರಳಾಡಿದ ಮೈ ಒಂದಿಷ್ಟು ಬಲಿತಿರಲೇಬೇಕು. ಹವೆ ಚೆನ್ನಾಗಿರುವ ದಿನಗಳಲ್ಲಿ ಮುದಿ ಕುರುಬನ ಬಳಿ, ಬಂಡೆಗಳ ನಡುವೆ, ಮಗುವನ್ನು ಬಿಡುತ್ತಿದ್ದರು. ಅಲ್ಲಿ ಅದು ತಾನಾಗಿಯೇ ಹೆಣಗಿ ನಿಂತಿತು, ನಡೆಯಿತು, ಓಡಿತು. ಅಲ್ಲದೆ, ರೋಗದ ಕಾರಣವನ್ನೇ ಯಾರೂ ಅರಿಯದಿದ್ದ ಕಾಲದಲ್ಲಿ ಕೈಗೆ ಸಿಕ್ಕಿದುದನ್ನೆಲ್ಲ ಮಾಡಿ ನೋಡಿದವರ ಅಕ್ಕರೆಯು ಫಲವನ್ನು ಲೆಕ್ಕಹಾಕಿ ಹುಟ್ಟಿದುದಲ್ಲ.

ಆದರೆ ಈ ಮನ್ನಣೆಗೂ ಒಂದು ಎಲ್ಲೆಯುಂಟು. ೧೯೫೫ರಲ್ಲಿ ಸಾಲ್ಕನ ಲಸಿಕೆಯು ಫಲಕಾರಿಯೆಂದು ಪ್ರಕಟವಾಯಿತು. ಭಾರತದಲ್ಲಿ ನಿಸರ್ಗಸಹಜವಾದ ಪೋಲಿಯೊ ಕೊನೆಯದಾಗಿ ಕಾಣಿಸಿಕೊಂಡುದು ೨೦೧೧ರ ಜನವರಿಯಲ್ಲಿ, ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ. ೨೦೧೪ರಲ್ಲಿ ದೇಶವು ಆ ರೋಗದಿಂದ ಮುಕ್ತವಾಯಿತೆಂಬ ಪ್ರಮಾಣಪತ್ರ ದೊರೆಯಿತು. ಎರಡು ಹನಿ ಲಸಿಕೆಯು ಬಾಗಿಲಿಗೆ ಬಂದಿರುವಾಗ ಅದನ್ನು ತಳ್ಳಿ ತೊಗಲನ್ನು ಹುಡುಕುವ ತಂದೆಯು ತನ್ನ ಪ್ರೀತಿಯನ್ನು ಮುಂದೊಡ್ಡಿದರೆ ಸಾಲದು. ಸ್ಯಾಂಡಿನೋದ ಅಜ್ಜನಷ್ಟೇ ಪ್ರೀತಿ ಅವನಲ್ಲಿಯೂ ಇದ್ದೀತು. ಅಜ್ಜನಿಗೆ ಆ ಹನಿಗಳು ಇರಲಿಲ್ಲ.

ಸ್ಕಾಟನ ಕಾಲು ಪೂರ್ತಿಯಾಗಿ ಸರಿಹೋಗಲಿಲ್ಲ. ಬದುಕಿನುದ್ದಕ್ಕೂ ಆತನು ಕುಂಟುತ್ತಲೇ ನಡೆದನು. ಮೊಮ್ಮಗನಿಗೆ ನಾಲ್ಕು ತುಂಬುವ ಮೊದಲೇ ಅಜ್ಜನು ತೀರಿಕೊಂಡಿದ್ದನು; ಋಣವನ್ನು ಸಲ್ಲಿಸಬೇಕೆಂದರೂ ಆತನಿರಲಿಲ್ಲ. ೧೮೦೮ರಲ್ಲಿ, ಮೂವತ್ತಾರರ ಪ್ರಾಯದಲ್ಲಿ, ತನ್ನ ವೃತ್ತಾಂತವನ್ನು ಬರೆಯಲು ಕುಳಿತ ಸ್ಕಾಟನು ಆ ತೊಗಲನ್ನೂ, ನರೆತ ತಲೆಯನ್ನೂ, ಗಡಿಯಾರವನ್ನೂ ಬಿಡದೆ ಬರೆದಿಟ್ಟನು.