ಮಹಾನಗರದಲ್ಲಿ ವಿನೋದಭೋಜನ : ಒಂದು ವಿಚಾರ

ಮಹಾನಗರವಾಸಿಗಳಾದ ನಮ್ಮ ಮನೆಗಳಲ್ಲಿ ಶನಿವಾರದ ಸಾಯಂಕಾಲ ತಪ್ಪದೆ ಏಳುವ ಪ್ರಶ್ನೆಯೊಂದುಂಟು: "ನಾಳೆ ಊಟಕ್ಕೆ ಎಲ್ಲಿಗೆ ಹೋಗೋಣ?" ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆಗೆ 'ಯಾರ ಮನೆಗೆ' ಎಂದೇ ಅರ್ಥವಿತ್ತು. ಈಗ ಅದರ ಅರ್ಥ 'ಇದುವರೆಗೆ ನೋಡದಿರುವ ಯಾವ ಜಾಗಕ್ಕೆ' ಎಂದಾಗಿದೆ. ಹಸಿವು ತೀರುವುದಷ್ಟೇ ಸಾಲದು, ಉಣ್ಣುವ ಸ್ಥಳವೂ ವಿಲಕ್ಷಣವಾಗಿರಬೇಕು, ಮನಸ್ಸಿಗೆ ಮೋಜೆನಿಸಬೇಕು ಎಂಬುದು ಇಂದಿನ ತರುಣರ ಅಪೇಕ್ಷೆ.

ಅಂತಹ ಸ್ಥಳಗಳಿಗೆ ನಗರದಲ್ಲಿ ಕೊರತೆಯೇನೂ ಇಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಆವರಣದಲ್ಲಿ 2021ರಲ್ಲಿ ಹಳೆಯ ರೈಲುಬೋಗಿಯೊಂದನ್ನು ಭೋಜನಶಾಲೆಯಾಗಿ ಮಾರ್ಪಡಿಸಿದರು. ಧೋಬಿ ತಲಾವಿನಲ್ಲಿ 1904ರಿಂದ ನಡೆದುಬಂದಿರುವ ಕಯಾನಿಯಂತಹ ಇರಾನಿ ಚಹದ ಅಂಗಡಿಗಳ ಹಳೆಯ ಕುರ್ಚಿಗಳಲ್ಲಿ ಕುಳಿತುಕೊಳ್ಳುವುದಕ್ಕೆಂದೇ ದೂರದಿಂದ ಬರುವವರಿದ್ದಾರೆ. ದೆಹಲಿಯಲ್ಲಿ ಬೇರೆಬೇರೆ ರಾಜ್ಯಗಳ ಭವನಗಳ ಕ್ಯಾಂಟೀನುಗಳನ್ನು ಒಂದೊಂದಾಗಿ ನೋಡಿಬಂದರೆ ಭಾರತಯಾತ್ರೆಯನ್ನೇ ಮಾಡಿದಂತಾಗುತ್ತದೆ ಎನ್ನುವ ಮಿತ್ರರು ನಮಗಿದ್ದಾರೆ. ಆದುದರಿಂದ ಪ್ರಶ್ನೆ ಇರುವುದು ಸ್ಥಳಗಳ ವಿಷಯದಲ್ಲಲ್ಲ. ಹೀಗೆ ವಿನೋದಕ್ಕಾಗಿ ಹೊರಗೆ ಉಣ್ಣುವುದು ಯುಕ್ತವೇ, ಅಯುಕ್ತವೇ? ಅನ್ನದ ವಿಷಯದಲ್ಲಿ ವಿನೋದಕ್ಕೆ ಸ್ಥಾನವಿದೆಯೇ? ಇದು ನಮ್ಮನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ.

ಪರಾನ್ನವನ್ನೇ ವರ್ಜಿಸಿದ ನಿಷ್ಠಾವಂತರಿಗೆ ಈ ಜಿಜ್ಞಾಸೆಯ ಅಗತ್ಯವಿಲ್ಲ. ಅವರ ನಿಯಮಕ್ಕೆ ನಮ್ಮ ನಮಸ್ಕಾರ. ಆದರೆ ಕಚೇರಿಗಾಗಿ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ, ವಾರದಲ್ಲಿ ನಾಲ್ಕಾರು ಸಲ ಹೊರಗೆ ಏನನ್ನಾದರೂ ತಿನ್ನುವ ನಮ್ಮಂತಹ ಬಹುಸಂಖ್ಯಾತರು ಇದನ್ನು ವಿಚಾರಿಸಲೇಬೇಕು.

ಮಹಾಭಾರತದ ಉದ್ಯೋಗಪರ್ವದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಪಾಂಡವರ ಪರವಾಗಿ ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಶ್ರೀಕೃಷ್ಣನನ್ನು ದುರ್ಯೋಧನನು ಭೋಜನಕ್ಕೆ ಆಹ್ವಾನಿಸುತ್ತಾನೆ. ರಾಜಭವನದ ಆ ಔತಣದಲ್ಲಿ ಯಾವುದಕ್ಕೆ ತಾನೇ ಕೊರತೆಯಿದ್ದೀತು? ಆದರೂ ಕೃಷ್ಣನು ಒಪ್ಪಲಿಲ್ಲ. ಅನ್ಯರ ಅನ್ನವನ್ನು ಉಣ್ಣುವುದಕ್ಕೆ ಎರಡೇ ಕಾರಣಗಳು: ಒಂದು ಪ್ರೀತಿ, ಇನ್ನೊಂದು ಆಪತ್ತು. ನಿನ್ನಲ್ಲಿ ಪ್ರೀತಿಯಿಲ್ಲ, ನಮಗೆ ಆಪತ್ತಿಲ್ಲ ಎಂಬುದು ಅವನ ಉತ್ತರದ ಸಾರ. ಅನಂತರ ಅವನು ಉಂಡದ್ದು ವಿದುರನ ಮನೆಯಲ್ಲಿ. ಇಲ್ಲಿ ಪದಾರ್ಥಗಳ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಏನನ್ನು ಬಡಿಸಿದರು ಎಂಬುದಕ್ಕಿಂತ ಏಕೆ ಉಣ್ಣುತ್ತೇವೆ ಎಂಬುದೇ ಮುಖ್ಯವಾಯಿತು.

ಈ ಎರಡು ಕಾರಣಗಳನ್ನು ಮುಂದಿಟ್ಟುಕೊಂಡು ನಮ್ಮ ಜನರ ನಗರವಾಸದ ಚರಿತ್ರೆಯನ್ನು ನೋಡಿದರೆ ಆರಂಭದಲ್ಲಿ ಕಾಣುವುದು ಆಪತ್ತು. 1923ರಲ್ಲಿ ದಕ್ಷಿಣ ಕನ್ನಡದ ನದಿಗಳು ಉಕ್ಕಿ ಹರಿದ ಮಹಾಪ್ರವಾಹದ ತರುವಾಯ ಅನೇಕರು ಜೀವನೋಪಾಯವನ್ನು ಅರಸಿ ಮದರಾಸು, ಮುಂಬಯಿಗಳ ದಾರಿ ಹಿಡಿದರು. ಕೆಲವರು ಸೌಟು ಹಿಡಿದರು, ಕೆಲವರು ಲೇಖನಿ ಹಿಡಿದರು. ಲೇಖನಿ ಹಿಡಿದವರಿಗೆ ಸೌಟು ಹಿಡಿದವರೇ ಆಶ್ರಯವಾದರು. ಮಾಟುಂಗಾ ರೈಲುನಿಲ್ದಾಣದ ಬಳಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಇದಕ್ಕೊಂದು ಪ್ರಸಿದ್ಧ ಉದಾಹರಣೆ. ಅಡಿಗೆ ಬಾರದ, ಸಂಸಾರವನ್ನು ಊರಿನಲ್ಲಿ ಬಿಟ್ಟುಬಂದ ಒಂಟಿ ಗುಮಾಸ್ತನಿಗೆ ಬಾಳೆಲೆಯ ಮೇಲಿನ ಅನ್ನ, ಸಾರು, ಮಜ್ಜಿಗೆ ವಿನೋದದ ವಸ್ತುಗಳಾಗಿರಲಿಲ್ಲ, ಪ್ರಾಣಧಾರಣೆಯ ಸಾಧನಗಳಾಗಿದ್ದವು. ನಮ್ಮ ತೀರ್ಥರೂಪರೂ ಹೀಗೆಯೇ 1940ರ ದಶಕದಲ್ಲಿ ಮುಂಬಯಿಗೆ ಬಂದು, ತಿಂಗಳ ಊಟದ ಚೀಟಿ ಪಡೆದು ಒಂದು ಬೋರ್ಡಿಂಗಿನಲ್ಲಿ ಎಂಟು ವರ್ಷ ಉಂಡವರು.

ಅವರಿಗಿಂತ ಹಿಂದಿನ ಸ್ಥಿತಿ ಇನ್ನೂ ಕಠಿನ. ಪಟ್ಟಣಗಳಲ್ಲಿ ಓದಲು ನಿಂತ ಬಡ ಹುಡುಗರು ವಾರಾನ್ನದಿಂದ ಬೆಳೆದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ದಿನಕ್ಕೆ ಏಳು ಅಡಿಗೆಮನೆಗಳ ರುಚಿಯನ್ನು ಅವರೂ ಕಂಡರು! ಇಂದಿನ ತರುಣನು ವಾರಕ್ಕೊಂದು ಹೊಸ ಜಾಗವನ್ನು ಹುಡುಕುವಾಗ, ತನ್ನ ಮುತ್ತಜ್ಜನೂ ದಿನಕ್ಕೊಂದು ಹೊಸ ಜಾಗದಲ್ಲಿ ಉಂಡಿರಬಹುದೆಂಬುದು ಅವನಿಗೆ ತಿಳಿದಿರುವುದಿಲ್ಲ. ವ್ಯತ್ಯಾಸವಿಷ್ಟೇ: ಮುತ್ತಜ್ಜನು ಏಳು ಮನೆಯವರ ಹೆಸರನ್ನೂ ಸಾಯುವವರೆಗೆ ಮರೆಯಲಿಲ್ಲ.

ಇಷ್ಟು ತಿಳಿದಿದ್ದರಿಂದಲೇ ವಿನೋದಭೋಜನವನ್ನು ನಾವು ಬಹುಕಾಲ ವಿರೋಧಿಸುತ್ತ ಬಂದೆವು. ಪ್ರೀತಿಯೂ ಇಲ್ಲದೆ, ಆಪತ್ತೂ ಇಲ್ಲದೆ ಹಣ ಕೊಟ್ಟು ಅಪರಿಚಿತರ ಅನ್ನವನ್ನು ಮೋಜಿಗಾಗಿ ಉಣ್ಣುವುದು ಜಿಹ್ವಾಚಾಪಲ್ಯವಲ್ಲದೆ ಇನ್ನೇನು ಎಂಬುದು ನಮ್ಮ ವಾದವಾಗಿತ್ತು. ಕಳೆದ ವರ್ಷ ಒಂದು ಶನಿವಾರ ನಮ್ಮ ಮೊಮ್ಮಗನಿಗೂ ಇದನ್ನೇ ವಿವರಿಸಿ, "ಮನೆಯ ಊಟಕ್ಕೆ ಸಮನಾದುದು ಇಲ್ಲವಪ್ಪ" ಎಂದು ಮುಗಿಸಿದೆವು. ಅವನು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಅದು ನಿಜ ಅಜ್ಜ. ಆದರೆ ಆ ಮನೆಯ ಊಟವನ್ನು ಅಜ್ಜಿ ನಮ್ಮ ಜೊತೆ ಕುಳಿತು ಬಿಸಿಬಿಸಿಯಾಗಿ ಉಂಡದ್ದನ್ನು ನಾನು ಒಂದು ದಿನವೂ ನೋಡಿಲ್ಲ" ಎಂದನು.

ನಮಗೆ ಉತ್ತರ ತೋಚಲಿಲ್ಲ. ನಮ್ಮ ಗೃಹಿಣಿ ಈ ಮನೆಗೆ ಬಂದು ಐವತ್ತು ವರ್ಷ ಕಳೆದಿವೆ. ಏಕಾದಶಿಯ ಮರುದಿನ ಎಲ್ಲರಿಗಿಂತ ಮೊದಲು ಎದ್ದು ಪಾರಣೆಗೆ ಅಡಿಗೆ ಮಾಡುವವರು ಅವರು. ಚಾತುರ್ಮಾಸ್ಯದಲ್ಲಿ ತರಕಾರಿ ಬಿಟ್ಟ ತಿಂಗಳು, ಮೊಸರು ಬಿಟ್ಟ ತಿಂಗಳು, ಹಾಲು ಬಿಟ್ಟ ತಿಂಗಳು, ಬೇಳೆ ಬಿಟ್ಟ ತಿಂಗಳು ಎಂದು ನಾಲ್ಕು ವ್ರತಗಳಿಗೂ ತಕ್ಕಂತೆ ಅಡಿಗೆಯನ್ನು ಬದಲಾಯಿಸುವವರು ಅವರು. ನಿಯಮ ನಮ್ಮದು, ಶ್ರಮ ಅವರದು. ಬಡಿಸಿ ಮುಗಿಸಿ, ಆರಿದ ಅನ್ನವನ್ನು ಕೊನೆಯಲ್ಲಿ ಒಬ್ಬರೇ ಉಂಡರು. ಮನೆಯ ಊಟದ ಶ್ರೇಷ್ಠತೆಯನ್ನು ಕುರಿತು ಎಷ್ಟೋ ಸಲ ಮಾತನಾಡಿದ ನಾವು, ಅದನ್ನು ಯಾರು ಯಾವ ಬೆಲೆ ತೆತ್ತು ಉಳಿಸಿಕೊಟ್ಟರೆಂದು ಒಮ್ಮೆಯೂ ಕೇಳಿರಲಿಲ್ಲ. ವಿದುರನ ಮನೆಯ ಪ್ರೀತಿಯನ್ನು ಹೊಗಳುವವರು ತಮ್ಮ ಮನೆಯ ಅಡಿಗೆಮನೆಯಲ್ಲಿ ಪ್ರೀತಿ ಏಕಮುಖವಾಗಿದೆಯೇ ಎಂದು ನೋಡಿಕೊಳ್ಳಬೇಡವೇ?

ಮರುದಿನ ಹೊರಟೆವು. ಎಲ್ಲಿಗೆ ಎಂಬುದನ್ನು ಗೃಹಿಣಿಯೇ ನಿರ್ಣಯಿಸಬೇಕೆಂದು ಮೊಮ್ಮಗನ ಷರತ್ತು. ಅವರು ರೈಲುಬೋಗಿಯನ್ನೂ ಕೇಳಲಿಲ್ಲ, ಗಗನಚುಂಬಿ ಕಟ್ಟಡದ ತಾರಸಿಯನ್ನೂ ಕೇಳಲಿಲ್ಲ. "ಮಾವನವರು ಉಣ್ಣುತ್ತಿದ್ದರಲ್ಲ, ಅಂತಹ ಬೋರ್ಡಿಂಗನ್ನು ನಾನು ನೋಡಬೇಕು" ಎಂದರು. ಐವತ್ತು ವರ್ಷ ಮುಂಬಯಿಯಲ್ಲಿದ್ದರೂ ಅವರಿಗೆ ಅದೇ ಅಪೂರ್ವ ಸ್ಥಳವಾಗಿತ್ತು! ಮಾಟುಂಗಾದಲ್ಲಿ ಸಾಲಿನಲ್ಲಿ ನಿಂತು ಒಳಹೋಗಿ ಎಲೆಯ ಮುಂದೆ ಕುಳಿತೆವು. ಎದುರುಸಾಲಿನಲ್ಲಿ ಗುಜರಾತಿ ಕುಟುಂಬವೊಂದು ಸಾರನ್ನು ಅನ್ನಕ್ಕೆ ಕಲಸುವ ಬಗೆ ತಿಳಿಯದೆ ನಗುತ್ತಿತ್ತು. ಅವರಿಗೂ ಅದು ವಿನೋದದ ಸ್ಥಳವೇ. ಬಡಿಸುವವರು ಬಂದು ಗೃಹಿಣಿಯ ಎಲೆಗೆ ಮೊದಲು ಅನ್ನವಿಟ್ಟು, "ಇನ್ನೂ ಸ್ವಲ್ಪ ಹಾಕಲೇ ಅಮ್ಮ?" ಎಂದು ಕೇಳಿದರು. ಅವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ "ಹಾಕಿ" ಎಂದರು. ಹಾಗೆ ಕೇಳುವ ಮಾತು ಐವತ್ತು ವರ್ಷ ಅವರ ಬಾಯಿಂದಲೇ ಬಂದಿತ್ತೇ ಹೊರತು ಅವರ ಕಿವಿಗೆ ಬಿದ್ದದ್ದು ಬಹಳ ಅಪರೂಪ.

ಅಂದಿನಿಂದ ನಮ್ಮ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ವಿನೋದವು ಮೂರನೆಯ ಸ್ವತಂತ್ರ ಕಾರಣವಲ್ಲ. ಆದರೆ ಅದು ಪ್ರೀತಿಯ ಬಾಗಿಲಾಗಬಲ್ಲದು. ಹಾಗೆ ಆದಲ್ಲಿ ಅದು ನಿಂದ್ಯವಲ್ಲ. ಹಾಗೆ ಆಗದಿದ್ದಲ್ಲಿ ಅದು ಬರಿಯ ಚಾಪಲ್ಯವೇ ಸರಿ.

ಈ ವಿವೇಕಕ್ಕೆ ಭಾಗವತದ ಏಕಾದಶಸ್ಕಂಧದಲ್ಲಿ ಬರುವ ಅವಧೂತನ ಉಪಾಖ್ಯಾನವು ನೆರವಾಗುತ್ತದೆ. ಅವನ ಇಪ್ಪತ್ತನಾಲ್ಕು ಗುರುಗಳಲ್ಲಿ ಆಹಾರದ ವಿಷಯದಲ್ಲಿ ಪಾಠ ಹೇಳುವ ಇಬ್ಬರು ಒಂದೇ ಅಧ್ಯಾಯದಲ್ಲಿದ್ದಾರೆ: ಮೀನು ಮತ್ತು ಜೇನುಹುಳ. ಮೀನು ನಾಲಿಗೆಯ ಆಸೆಯಿಂದ ಗಾಳಕ್ಕೆ ಸಿಕ್ಕಿ ಸಾಯುತ್ತದೆ. ಜೇನುಹುಳವಾದರೋ ಹಲವು ಹೂಗಳಿಗೆ ಹೋಗುತ್ತದೆ. ಆದರೆ ಯಾವ ಹೂವನ್ನೂ ನೋಯಿಸದೆ ಸ್ವಲ್ಪಸ್ವಲ್ಪವಾಗಿ ಸಾರವನ್ನು ಮಾತ್ರ ಪಡೆಯುತ್ತದೆ. ಹಲವು ಕಡೆ ಹೋಗುವುದೇ ದೋಷವೆಂದು ಅಲ್ಲಿ ಹೇಳಿಲ್ಲ. ಸಂಗ್ರಹಿಸಿಟ್ಟುಕೊಳ್ಳುವ ಲೋಭವು ಜೇನುಹುಳಕ್ಕೂ ಅಪಾಯವೆಂಬ ಎಚ್ಚರಿಕೆಯನ್ನೂ ಅವಧೂತನು ಕೊಡುತ್ತಾನೆ. ನೋಡಿದ ಜಾಗಗಳ ಪಟ್ಟಿಯನ್ನು ಬೆಳೆಸುವುದಕ್ಕೇ ಊಟಕ್ಕೆ ಹೋಗುವವರು, ಬಡಿಸಿದ ಅನ್ನ ಆರುವವರೆಗೆ ಅದರ ಚಿತ್ರ ತೆಗೆಯುವವರು ಈ ಎಚ್ಚರಿಕೆಯನ್ನು ಮನನ ಮಾಡಬಹುದು.

ಪ್ರೀತಿಯ ಬಾಗಿಲಾದ ವಿನೋದಸ್ಥಳಗಳನ್ನು ನಮ್ಮವರೇ ನಿರ್ಮಿಸಿದ್ದುಂಟು. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಸಂಸ್ಥೆಯು ಮದರಾಸಿನ ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ಮರಗಳ ನೆರಳಿನಲ್ಲಿ ಡ್ರೈವ್-ಇನ್ ಹೋಟೆಲನ್ನು ತೆರೆಯಿತು. ಕಾರಿನಲ್ಲಿ ಕುಳಿತೇ ದೋಸೆ ತಿನ್ನುವುದು ಅಂದಿನ ಜನರಿಗೆ ಎಂತಹ ಕೌತುಕವಾಗಿತ್ತು! ಕ್ರಮೇಣ ಆ ಕೌತುಕ ಹಳೆಯದಾಯಿತು. ಆದರೆ ಒಂದು ಲೋಟ ಕಾಫಿಯೊಂದಿಗೆ ಗಂಟೆಗಟ್ಟಲೆ ಮಾತನಾಡುತ್ತಿದ್ದ ವಿದ್ಯಾರ್ಥಿಗಳು, ಲೇಖಕರು, ಮುದುಕರು ಅಲ್ಲಿಗೆ ಬರುತ್ತಲೇ ಇದ್ದರು. 2008ರಲ್ಲಿ ಅದು ಮುಚ್ಚಿದಾಗ ಅನೇಕರು ಬಂಧುವಿಯೋಗವಾದಂತೆ ದುಃಖಪಟ್ಟರು. ಆ ಸ್ಥಳದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತಲೆಯೆತ್ತಿತು. ಬರಿಯ ಮೋಜಿನ ಸ್ಥಳವಾಗಿದ್ದರೆ ಅದನ್ನು ಕಳೆದುಕೊಂಡು ಯಾರೂ ಅಳುತ್ತಿರಲಿಲ್ಲ. ಇನ್ನೊಂದು ಮೋಜು ಸಿಕ್ಕುತ್ತಿತ್ತು.

ಇನ್ನೊಂದು ಬಗೆಯ ಉದಾಹರಣೆ ಆಗ್ರಾದ್ದು. ಆಮ್ಲದಾಳಿಗೆ ತುತ್ತಾಗಿ ಮುಖ ವಿರೂಪಗೊಂಡ ಮಹಿಳೆಯರು ನಡೆಸುವ 'ಶೀರೋಸ್' ಎಂಬ ಉಪಾಹಾರಗೃಹ ಅಲ್ಲಿ 2014ರಲ್ಲಿ ಆರಂಭವಾಯಿತು. ತಾಜಮಹಲನ್ನು ನೋಡಲು ಹೋದವರು ಕುತೂಹಲದಿಂದ ಒಳಗೆ ಕಾಲಿಟ್ಟಿರಬಹುದು. ಆದರೆ ಮುಖ ಮುಚ್ಚಿಕೊಳ್ಳದೆ ಬಂದು ಚಹ ಕೊಡುವ ಆ ಸೋದರಿಯನ್ನು ದೃಷ್ಟಿ ತಪ್ಪಿಸದೆ ನೋಡಿ, ನಮಸ್ಕರಿಸಿ, ಲೋಟವನ್ನು ಪಡೆದವನು ಹೋದಂತೆಯೇ ಹೊರಬರಲಾರನು. ಅಂತಹ ಕಡೆ ಕುಡಿದ ಚಹವನ್ನು ವಿನೋದವೆನ್ನಬೇಕೇ, ಪ್ರೀತಿಯೆನ್ನಬೇಕೇ?

ಹಾಗೆಂದು ಎಲ್ಲ ಬಾಗಿಲುಗಳೂ ಎಲ್ಲರಿಗೂ ಅಲ್ಲ. ಇರಾನಿ ಅಂಗಡಿಯ ಕೇಕಿನಲ್ಲಿ ಮೊಟ್ಟೆಯಿರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಮಾಂಸ, ಮೊಟ್ಟೆಗಳಿಲ್ಲವೆಂದು ಹೇಳುತ್ತದೆಯೇ ಹೊರತು ಈರುಳ್ಳಿ ಬೆಳ್ಳುಳ್ಳಿಗಳ ವಿಷಯವನ್ನು ಹೇಳುವುದಿಲ್ಲ. ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ. ತನ್ನ ನಿಯಮವನ್ನು ನಗುಮುಖದಿಂದ ಹೇಳಿ, ಬರಿಯ ಚಹ ಕುಡಿದು, ಗೆಳೆಯರೊಂದಿಗೆ ಸಂತೋಷವಾಗಿ ಕುಳಿತೆದ್ದು ಬರುವ ತರುಣನು ನಿಯಮವನ್ನೂ ಸ್ನೇಹವನ್ನೂ ಉಳಿಸಿಕೊಳ್ಳುತ್ತಾನೆ. ಎಲ್ಲರನ್ನೂ ನಿಂದಿಸಿ ಮನೆಯಲ್ಲಿ ಕುಳಿತವನು ಎರಡನೆಯದನ್ನು ಕಳೆದುಕೊಳ್ಳುತ್ತಾನೆ.

ಆಸ್ತಿಕ ಬಂಧುಗಳು ಹೊಸ ಜಾಗಕ್ಕೆ ಹೊರಡುವ ಮುನ್ನ ತಮ್ಮನ್ನು ತಾವು ಕೇಳಿಕೊಳ್ಳಬಹುದಾದ ಕೆಲವು ಪ್ರಶ್ನೆಗಳಿವೆ. ನಮ್ಮ ಜೊತೆ ಬರುವವರು ಯಾರು, ಮನೆಯಲ್ಲಿ ಉಳಿದವರು ಯಾರು? ಬಡಿಸಿದವರ ಮುಖವನ್ನು ನೋಡಿದೆವೇ? ಎಲೆಯಲ್ಲಿ ಅನ್ನವನ್ನು ಚೆಲ್ಲಿ ಎದ್ದೆವೇ? ಮರುದಿನ ಮನೆಯ ಸಾರು ನಮಗೆ ಸಪ್ಪೆಯಾಯಿತೇ, ಅಥವಾ ಅದನ್ನು ಮಾಡಿದ ಕೈಗಳ ನೆನಪು ಹೆಚ್ಚಾಯಿತೇ? ಕೊನೆಯ ಪ್ರಶ್ನೆಗೆ ಸಿಕ್ಕುವ ಉತ್ತರವೇ ನಾವು ಮೀನಾಗಿ ಹೋಗಿದ್ದೆವೋ ಜೇನುಹುಳವಾಗಿ ಹೋಗಿದ್ದೆವೋ ಎಂಬುದನ್ನು ಹೇಳಿಬಿಡುತ್ತದೆ.

ನಮ್ಮ ಮನೆಯಲ್ಲಿ ಈಗ ತಿಂಗಳಿಗೊಂದು ಭಾನುವಾರ ಹೊರಗಿನ ಊಟ. ಉಳಿದ ಭಾನುವಾರಗಳಲ್ಲಿ ಮೊಮ್ಮಗನು ತೊವ್ವೆ ಮಾಡುತ್ತಾನೆ, ನಾವು ಎಲೆ ಹಾಕಿ ಬಡಿಸುತ್ತೇವೆ. ಮೊದಲ ವಾರ ತೊವ್ವೆ ಅಡಿ ಹಿಡಿದಿತ್ತು. ನಮ್ಮ ಗೃಹಿಣಿ ಅದನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡರು.